ಹೆಬ್ಬೆಟ್ಟಿನ ಎಫ್

ಆರು ಗೆರಿ ಉದ್ದ, ಐದು ಗೆರಿ ಅಡ್ಡ.
ಮ್ಯಾಲಿನ ಅಡ್ಡಗೆರಿ ಮಾತ್ರ ದಪ್ಪ,
ಅದು ನಟ್ಟು, ತಂತಿ ದಾಟಿ ಬರೋ ಹೊಸ್ತಿಲ.
ಹಾತಲಗೇರಿ ನಾಕಾದ ಹತ್ರ
ಮಗ್ಗದ ಸಾಮಾನಿನ ಅಂಗಡಿ ಮ್ಯಾಲಿನ ಖೋಲಿಯೊಳಗ
ಎರಡು ತಿಂಗಳು ಕುಂತು ಇಷ್ಟ ಬರದೀನಿ.

ಪುಕ್ಕಟ ಐತಿ, ಯಾರರ ತಗೋಬಹುದು.
ತಮ್ಮ ಪುಟದಾಗ ಒಂದು ಸಾಲು ಸೇರಿಸಿ
ಆರು ಅಂಕಿ ಕೊಟ್ರ
ಚೌಕಟ್ಟು ತಾನ ಎದ್ದು ನಿಂದ್ರತೈತಿ,
ಚುಕ್ಕಿ ತಮ್ಮ ತಮ್ಮ ಮನಿ ಹುಡುಕಿ ಕುಂದ್ರತಾವು.
ಬಿಟ್ಟು ಬಾರಿಸೋ ತಂತಿಗೆ ಸೊನ್ನಿ.
ಬಾರಿಸಬಾರದ ತಂತಿಗೆ ಕಾಟು.
ಬಾರಿಸಬಾರದ್ದನ್ನೂ ಬರೀಬೇಕಲ್ಲ,
ಇಲ್ಲಂದ್ರ ಕೈ ತಡಿಯೂದಿಲ್ಲ.

ಜಗಳ ಇದ್ದದ್ದು ಎಣಿಕಿ ಒಳಗ.
ಗಿಟಾರಿನವರಿಗೆ ಸಣ್ಣ ತಂತಿ ಒಂದನೇದು,
ನನ್ನ ಸಾಲಿನೊಳಗ ದಪ್ಪಂದು ಮೊದಲು, ಅದೂ ಸೊನ್ನಿಯಿಂದ.
ಒಂದು ರಾತ್ರಿ ಪೂರಾ ಸಿ ಮೇಜರ್
ಕನ್ನಡಿಯೊಳಗ ಹಣಿಗಿ ಹಿಡದಂಗ
ತಿರುಗಾಮುರುಗಾ ನಿಂತಿತ್ತು.

ಸೊನ್ನಿ ಪಾಯಿಂಟ್ ಮೂರು ಹೊರಗ ಬಿಟ್ಟ ವಾರಕ್ಕ
ಸುವಾರ್ತಪ್ಪ ಮಾಸ್ತರ ಮೆಟ್ಟಲ ಹತ್ತಿ ಬಂದ್ರು,
ಹೆಗಲಿಗೆ ಚಾದರ ಹೊಲದು ಮಾಡಿದ ಗಿಟಾರಿನ ಚೀಲ.
ಬೆಟಗೇರಿ ಚರ್ಚಿನ ಹಿಂದಿನ ಖೋಲಿಯೊಳಗ
ಹನ್ನೊಂದು ಹುಡುಗ್ರಿಗೆ ಕಲಸ್ತಾರ,
ಒಂದ ಟ್ಯಾಬ್ಲೆಟ್ಟು, ಅದರಾಗ ನನ್ನ ಚಿತ್ರ.
"ತಂಗೀ, ಚಿತ್ರ ಬರೋಬ್ಬರಿ ಐತಿ.
ಕೈ ಬರೋಬ್ಬರಿ ಇಲ್ಲ."

ಎಡಗೈ ಮೇಜಿನ ಮ್ಯಾಲ ಇಟ್ರು.
ಉಂಗುರದ ಬೆರಳು ಅರ್ಧಕ್ಕ ಮುಗದಿತ್ತು.
ಪ್ರೆಸ್ಸಿನಾಗ ಇಪ್ಪತ್ತೆರಡು ವರ್ಷ, ಕಟಿಂಗ್ ಮಷಿನ್ನು.
"ಅವತ್ತು ಏನ ಕತ್ತರಸಾಕತ್ತಿದ್ರಿ?"
ಯಾಕ ಕೇಳಿದ್ನೋ.
"ಅಂಕಲಿಪಿ" ಅಂದ್ರು.

"ಎಫ್‌ನಾಗ ನೀ ಮೂರು ಅಂತ ಬರದೀ.
ನನ್ನ ಹಂತೇಕ ಮೂರು ಇಲ್ಲ.
ಹುಡುಗ್ರು ಚಿತ್ರ ನೋಡ್ತಾವು,
ಆಮ್ಯಾಲ ನನ್ನ ಕೈ ನೋಡ್ತಾವು,
ಆಮ್ಯಾಲ ನನ್ನ ಮಾರಿ ನೋಡ್ತಾವು."

ಚೀಲ ಬಿಚ್ಚಿದ್ರು. ಬಾರಿಸಿದ್ರು.
ಹಿತ್ತಲ ಗ್ವಾಡಿ ಹತ್ತಿ ಹಣಿಕಿ ಹಾಕೋ ಹುಡುಗನಂಗ
ಹೆಬ್ಬೆರಳು ಹಿಂದಿನಿಂದ ಮ್ಯಾಲ ಬಂತು,
ದಪ್ಪ ತಂತಿ ಒತ್ತಿ ಹಿಡೀತು.
ಅದರ ತುದಿ ಐದನೇ ತಂತಿಗೆ
ಸುಮ್ಮಕ ಇರು ಅಂದಂಗ ಬರೇ ತಾಕಿತ್ತು.
ಕಿರಿಬೆರಳು ಮೂರನೇ ಮನಿ, ನಡುಬೆರಳು ಎರಡನೇದು,
ತೋರುಬೆರಳು ಕಡೀ ಎರಡು ತಂತಿ ಮ್ಯಾಲ ಅಡ್ಡ.
ಎಫ್.
ಕೆಳಗ ಅಂಗಡಿಯವ ಲಾಳಿ ಎಣಿಸೂದು ಬಿಟ್ಟ.

ನನ್ನ ಕೋಡಿನೊಳಗ ಬೆರಳು ಅಂದ್ರ ಒಂದರಿಂದ ನಾಕು.
ಬ್ಯಾರೆ ಏನ ಕೊಟ್ರೂ ಕೆಂಪಕ್ಷರದಾಗ ಬೈತಿತ್ತು.
ಹೆಬ್ಬೆರಳಿಗೆ ನಾ ಜಾಗಾನ ಇಟ್ಟಿರಲಿಲ್ಲ.
ಹೊರಗಿನವರು ಅದಕ್ಕ ಟಿ ಅಂತ ಬರೀತಾರ, ಅಂದೆ.
"ಟಿ ಅಂದ್ರ ನಮ್ಮ ಹುಡುಗ್ರು ಚಾ ಅಂತಾವು.
ಹೆ ಅಂತ ಬರಿ.
ನಮ್ಮವ್ವ ರೇಶನ್ ಅಂಗಡಿಯಾಗ ಜೀವಮಾನ ಇಡೀ
ಅದನ್ನ ಒತ್ತಿದ್ಲು."

ಬರದೆ. ಹೆ ಚುಕ್ಕಿಯೊಳಗ ಹಿಡಿಸಲಿಲ್ಲ.
ಅಂಕಿಗೆ ಹೊಲದ ಅಂಗಿ ಅದು,
ಎತ್ವ ಮ್ಯಾಲ ಹಾದು ಹೊರಗ ಇಣಕತಿತ್ತು.
ತ್ರಿಜ್ಯ ಏಳು ಇದ್ದದ್ದು ಒಂಬತ್ತು ಮಾಡಿದೆ,
ಬಾಜೂದ ಚುಕ್ಕಿಗೆ ಹೋಗಿ ಬಡೀತು.
ಗೆರಿ ದೂರ ಸರಿಸಿದೆ, ಹಳೇ ಚಿತ್ರ ಎಲ್ಲಾ ದಪ್ಪಾದವು.
ಮೂರು ದಿನ,
ಒಂದು ಅಕ್ಷರ ಕುಂದರಸಾಕ.

ಈಗ ನಿಂತೈತಿ ನೋಡ್ರಿ:
ಎಡಕ್ಕ ಹೆ, ಅದರ ಬಾಜೂಕ ಕಾಟು,
ಆಮ್ಯಾಲ ನಾಕು, ಎರಡು, ಒಂದು, ಒಂದು.
ಮೂರು ಎಲ್ಲೂ ಇಲ್ಲ.
ಹತ್ತೂ ಬೆರಳಿದ್ದ ಹುಡುಗ್ರೂ
ಬೆಟಗೇರಿಯಾಗ ಈಗ ಹಿಂಗ ಹಿಡಿತಾವಂತ,
ಐದನೇ ತಂತಿ ಬಿಟ್ಟು.
ಮಾಸ್ತರು ತಿದ್ದಾಕ ಹೋಗಿಲ್ಲ.

ನಿನ್ನೆ ಯಾರೋ ಎಲ್ಲಿಯವರೋ ದೂರು ಬರದಾರ:
ಎಫ್‌ನಾಗ ಒಂದು ಚುಕ್ಕಿಯೊಳಗ
ಖಾಲಿ ಡಬ್ಬಿ ಕಾಣತೈತಿ, ಏನದು?
ಅವರ ಕಡೆ ನಮ್ಮ ಅಕ್ಷರ ಇಲ್ಲ.
ಉತ್ತರ ಬರೀಬೇಕು.
ಕರೆಂಟು ಬರಲಿ.