ಹೌದೆನ್ನಲೂ ಇಲ್ಲವೆನ್ನಲೂ

ಮೂವತ್ತು ಮೊಟ್ಟೆಯ ಟ್ರೇ, ಪಕ್ಕದ ಸೀಟಿನ ಕೆಳಗೆ.
ಒಂದೂ ಒಡೆಯಲಿಲ್ಲ.
ಇದನ್ನು ಮೊದಲೇ ಹೇಳಿಬಿಡುತ್ತೇನೆ,
ವಿಮೆಯವನು ಮತ್ತೆ ಮತ್ತೆ ಕೇಳಿದ್ದು ಇದನ್ನೇ.

ರೂಸೆಯ ಸೇತುವೆ. ಕೆಳಗೆ ಡ್ಯಾನ್ಯೂಬ್, ಹಿಂದೆ ರುಮೇನಿಯ.
ಲಾರಿಗಳ ಸಾಲು. ನಾನು ನಿಂತಿದ್ದೆ.
ಹಿಂದಿನ ವ್ಯಾನಿನವನು ಫೋನು ನೋಡುತ್ತಿದ್ದ.
ಢಬ್ ಎಂದಿತು, ಅಷ್ಟೆ,
ಪರಿಚಯದವರು ಯಾರೋ ಬೆನ್ನು ತಟ್ಟಿದ ಹಾಗೆ,
ಸಲುಗೆ ಕೊಂಚ ಹೆಚ್ಚಾದ ಹಾಗೆ.
ಇಳಿದು ಬಂಪರ್ ನೋಡಿದೆವು. ಒಂದು ಗೀರು.
ಅವನು ಸಿಗರೇಟು ಕೊಟ್ಟ.
"ಏನೂ ಆಗಿಲ್ಲ ತಾನೆ?"
"ಏನೂ ಇಲ್ಲ."
ಆ ಮಾತಿಗೆ ನಾನೇ ಸಹಿ ಹಾಕಿದೆ.

ರಾತ್ರಿ ನಾಲ್ಕು ಮೊಟ್ಟೆ ನಾನೇ ಒಡೆದೆ, ಆಮ್ಲೆಟ್ಟಿಗೆ.
ಉಂಡು ಮಲಗಿದೆ.
ಅದೇ ಕೊನೆಯ ಒಳ್ಳೆಯ ನಿದ್ದೆ.

ನೋವು ಬಂದದ್ದು ಮರುದಿನ,
ಮದುವೆಗೆ ತಡವಾಗಿ ಬಂದು
ಮುಂದಿನ ಸಾಲಲ್ಲೇ ಕೂರುವ ನೆಂಟನ ಹಾಗೆ.
ದಿಂಬಿನಿಂದ ಏಳಲು
ಎರಡೂ ಕೈಯಲ್ಲಿ ನನ್ನ ತಲೆಯನ್ನು ನಾನೇ ಎತ್ತಿಕೊಂಡೆ,
ಸಂತೆಯಲ್ಲಿ ಕಲ್ಲಂಗಡಿ ಆರಿಸುವವಳ ಹಾಗೆ.
ಹಿಂದಲೆಯಿಂದ ಹೊರಟದ್ದು
ಬಲಗಣ್ಣಿನ ಹಿಂದೆ ಬೀಡುಬಿಟ್ಟಿತು.
ದವಡೆ ಬ್ರೆಡ್ಡಿಗೂ ಕಟಕ್ಕೆಂದಿತು.
ಗುರುವಾರ ಕಿರುಬೆರಳಿಗೆ ಇರುವೆಸಾಲು ಇಳಿಯಿತು.

ಕನ್ನಡಕದಂಗಡಿಯಲ್ಲಿ ನನ್ನ ಕೆಲಸ, ಹತ್ತೊಂಬತ್ತು ವರ್ಷ.
"ಕೊನೆಯ ಸಾಲು ಓದಿ" ಎನ್ನುತ್ತೇನೆ ಗಿರಾಕಿಗೆ;
ಕೊನೆಯ ಸಾಲು ನನಗೇ
ನೀರಿನ ಮೇಲೆ ಬರೆದಂತೆ ಅಲುಗುತ್ತದೆ.
ಬಾಯಿಪಾಠ ಇರುವುದರಿಂದ ಕೆಲಸ ಉಳಿದಿದೆ.
ಕಿವಿಯೊಳಗೆ ಒಂದು ಹಳೆಯ ಫ್ರಿಜ್ಜು ಗುಂಯ್‌ಗುಡುತ್ತದೆ.
ಒಂದು ಮಧ್ಯಾಹ್ನ ತಿರುಪು ಎಂಬ ಪದವೇ ಸಿಗಲಿಲ್ಲ:
ಫ್ರೇಮಿಗೆ ಹಾಕುವ ಅದು, ಆ ಪುಟಾಣಿ, ಅದು,
ಎಂದು ಬೆರಳು ತಿರುಗಿಸಿ ತೋರಿಸಿದೆ.
ಸಹಾಯಕ ಹುಡುಗ ಇವೈಲೋ ನಕ್ಕ.
ರೇಗಿದೆ. ಎಂದೂ ರೇಗಿದವಳಲ್ಲ.
ಆಮೇಲೆ ಹಿಂಕೋಣೆಯಲ್ಲಿ ಅಳು ಬಂತು;
ತಲೆ ತಗ್ಗಿಸಲಾರದೆ ನೆಟ್ಟಗೆ ನಿಂತು ಅಳುತ್ತಿದ್ದೆ,
ಧ್ವಜವಂದನೆಗೆ ನಿಂತವಳ ಹಾಗೆ.

ನಮ್ಮಲ್ಲಿ, ಗೊತ್ತಿರಲಿ,
ತಲೆ ಅಡ್ಡಡ್ಡ ಆಡಿಸಿದರೆ ಹೌದು,
ಮೇಲಕ್ಕೊಮ್ಮೆ ಎತ್ತಿದರೆ ಇಲ್ಲ.
ಹೊರಗಿನವರು ತಬ್ಬಿಬ್ಬಾಗುತ್ತಾರೆ, ನಾವು ನಗುತ್ತೇವೆ.
ಈಗ ಹೌದಿಗೆ ಎಡಕ್ಕೆ ನಾಲ್ಕು ಬೆರಳಿನಷ್ಟೇ ದಾರಿ.
ಇಲ್ಲಕ್ಕೆ ಹೊರಟರೆ ಗೋಡೆಗಳು ತಿರುಗುತ್ತವೆ.
ನೆರೆಮನೆಯ ಪೆನ್ಕಾ ಕೇಳುತ್ತಾಳೆ, "ಇನ್ನೊಂದು ಸೌಟು?"
ನಾನು ಗೊಂಬೆ.
ಅವಳು ಬಡಿಸುತ್ತಾಳೆ.

ಡಾಕ್ಟರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದಳು.
ಕತ್ತಿನ ಏಳು ಮೂಳೆ, ಏಳೂ ಸಭ್ಯವಾಗಿ ಸಾಲಾಗಿ.
"ಇದರಲ್ಲಿ ಕಾಣುವುದಿಲ್ಲ. ಹಾಗೆಂದು ಇಲ್ಲವೆಂದಲ್ಲ.
ಮೆಲ್ಲಗೆ ಆಡಿಸುತ್ತಿರಿ. ಕೈಯ ಬಲ ಹೋದರೆ,
ನಡಿಗೆ ತಪ್ಪಿದರೆ, ಆ ಗಳಿಗೆಯೇ ಬನ್ನಿ."
ಅಷ್ಟು ಮಾತಿಗೆ ಅವಳ ಕೈ ಹಿಡಿದುಕೊಳ್ಳಬೇಕೆನಿಸಿತು.

ವಿಮೆಯ ಗ್ರೊಝ್ದಾನೊವ್ ಬರೆದುಕೊಂಡ:
ವೇಗ, ಹದಿನೈದು. ಮೊಟ್ಟೆ, ಮೂವತ್ತು. ಒಡೆದದ್ದು, ಸೊನ್ನೆ.
"ನೋವು? ಹತ್ತಕ್ಕೆ ಎಷ್ಟು?"
"ಯಾವ ಗಂಟೆಯದು?" ಎಂದೆ.
ಅದಕ್ಕೆ ಅವನ ಫಾರಮ್ಮಿನಲ್ಲಿ ಜಾಗವಿರಲಿಲ್ಲ.
ಮೆಟ್ಟಿಲಿಳಿಯುವಾಗ ಉತ್ತರ ಹೊಳೆಯಿತು:
ಮೊಟ್ಟೆಗೆ ಕತ್ತಿಲ್ಲ ಸ್ವಾಮಿ!
ತಿರುಗಿ ಹೋಗಿ ಹೇಳೋಣವೆಂದರೆ
ತಿರುಗುವುದೇ ಒಂದು ದೊಡ್ಡ ಕೆಲಸ,
ಮೊದಲು ಪಾದ, ಆಮೇಲೆ ಸೊಂಟ, ಹೆಗಲು,
ಕೊನೆಗೆ, ಸಾಮಾನಿನ ಹಾಗೆ, ತಲೆ.
ಬಿಟ್ಟೆ.

ಹನ್ನೊಂದನೆಯ ವಾರ. ಕನ್ನಡಿಯಲ್ಲಿ ಹಿಂದೆ ವ್ಯಾನು ಕಂಡರೆ
ಹೆಗಲು ಕಿವಿಯವರೆಗೆ ಏರಿ ಕೂರುತ್ತದೆ, ಈಗಲೂ.
ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು
ಗೋಡೆಗಡಿಯಾರದ ಕಡೆಗೆ ಕತ್ತು ಹೊರಳಿಸುತ್ತೇನೆ.
ಮೊನ್ನೆ ಒಂಬತ್ತರ ಅಂಕಿ ಕಂಡಿತ್ತು. ಇವತ್ತು ಮುಳ್ಳೂ.
ಸಂಜೆ ಒಂಬತ್ತು ವರ್ಷದ ಹುಡುಗಿ
ಮೊದಲ ಕನ್ನಡಕ ಏರಿಸಿ ಕೇಳಿದಳು,
"ಒಪ್ಪುತ್ತದಾ ನನಗೆ?"
ನಾನು ಅಡ್ಡಡ್ಡ ಆಡಿಸಿದೆ, ಒಂದೆಳೆ ಕೂದಲಿನಷ್ಟು.
ಹೊಸ ಕಣ್ಣು; ಅವಳಿಗೆ ಕಂಡಿತು.

ಫ್ರಿಜ್ಜು ಮಾತ್ರ ಇನ್ನೂ ಗುಂಯ್‌ಗುಡುತ್ತಿದೆ.