ಹದಿನೇಳನೆಯ ಕಾಲಂ

ಹದಿನಾರರವರೆಗೆ ಕೈ ನಡುಗಲಿಲ್ಲ.
ತಂದೆಯ ಹೆಸರು, ಹುಟ್ಟಿದೂರು, ಬಲಗೆನ್ನೆಯ ಮಚ್ಚೆ,
ವಾಯುಪಡೆಯಲ್ಲಿ ಹತ್ತು ವರ್ಷ, ಸಂಕೇತ ವಿಭಾಗ,
ಗೌರವದ ಬಿಡುಗಡೆ.

ಹದಿನೇಳು ಕೇಳುತ್ತದೆ:
ಮದ್ಯದ ಚಟಕ್ಕೆ ಎಂದಾದರೂ ಚಿಕಿತ್ಸೆ ಪಡೆದಿದ್ದೀರಾ?
ಹೌದು. ಇಲ್ಲ.
ಎರಡು ಚೌಕ, ಒಂದೊಂದು ಕಾಫಿ ಬೀಜ ಇಟ್ಟರೆ
ಮುಚ್ಚಿಹೋಗುವಷ್ಟು.

ಅಮ್ಮತ್ತಿಯ ಜೆರಾಕ್ಸ್ ಅಂಗಡಿಯ ಹುಡುಗ
"ಇಲ್ಲ ಅಂತ ಹಾಕಿ ಮೇಡಂ, ಯಾರು ನೋಡ್ತಾರೆ" ಎಂದ.
ಅವನಿಗೇ ಗೊತ್ತು.
ಬಸ್ ಸ್ಟ್ಯಾಂಡಿನ ನಾಯಿಗೂ ಗೊತ್ತು.
ಇಡೀ ಊರು ಬಾಯಿಪಾಠ ಮಾಡಿದ್ದನ್ನು
ಯಾವ ಶತ್ರು ಬಂದು ನನ್ನೆದುರು ಹಿಡಿದು ಹೆದರಿಸುತ್ತಾನೆ?
ಹೌದು ಎಂದು ಗೀಚಿದೆ.
ಪೆನ್ನು ಕೆಳಗಿನ ಹಾಳೆಯವರೆಗೂ ಇಳಿಯಿತು.

ಮೂರು ವಾರಕ್ಕೆ ಸಿದ್ದಾಪುರದಿಂದ ದಫೇದಾರ್ ಲೋಕಪ್ಪ.
ಹೆಲ್ಮೆಟ್ಟನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಕೇಳಿದರು:
ಎಷ್ಟು ಕುಡೀತಿದ್ರಿ?
ಕ್ಯಾಂಟೀನ್ ಕೋಟಾ ಮೊದಲ ವಾರಕ್ಕೇ ಸಾಲದಷ್ಟು.
ಈಗ?
ಈಗ ಆ ಕೋಟಾಕ್ಕೆ ನೆಂಟರು ಜಾಸ್ತಿ.
ಅವರು ನಗಲಿಲ್ಲ. ಬರೆದುಕೊಂಡರು.

ಕುಡಿದಾಗ ಇಲಾಖೆಯ ವಿಷಯ ಬಾಯಿಬಿಟ್ಟಿದ್ದುಂಟೇ?
ಬಾಯಿಬಿಟ್ಟದ್ದು ಬೇರೆ.
ತಂಗಿಯ ಮದುವೆಯಲ್ಲಿ, ವಾಲಗದವರ ಮುಂದೆ,
ಅವ್ವನ ಮೇಲೆ ಆಡಬಾರದ ಒಂದು ಮಾತು.
ಅದು ದೇಶದ ಗುಟ್ಟಲ್ಲ.
ಸಂಕೇತಗಳು ಒಳಗೇ ಉಳಿದವು,
ನನ್ನ ಹೆಸರೇ ನನಗೆ ಸಿಗದ ರಾತ್ರಿಗಳಲ್ಲೂ.

ಆಮೇಲೆ ಪಾತುಮ್ಮನ ಅಂಗಡಿಗೆ ಹೋದರಂತೆ.
"ಜೀಪು ನುಗ್ಗಿಸಿದ್ದು ಇವಳೇ,
ಹೊಸ ಷಟರ್ ಹಾಕಿಸಿದ್ದೂ ಇವಳೇ.
ಹಳೇದು ಎತ್ತಲಿಕ್ಕೆ ಇಬ್ಬರು ಬೇಕಿತ್ತು,
ಇದು ಒಂದೇ ಕೈಗೆ ಬರ್ತದೆ. ಬರ್ಕೊಳ್ಳಿ ಸಾರ್."
ಬರೆದುಕೊಂಡರೋ ಇಲ್ಲವೋ.

ಹೇಳದೆ ಬಿಟ್ಟದ್ದು ಒಂದುಂಟು. ಅದಕ್ಕೆ ಕಾಲಂ ಇರಲಿಲ್ಲ.

ಕೋವಿಗೆ ಲೈಸೆನ್ಸ್ ಕೇಳದ ಮನೆತನ ನಮ್ಮದು.
ಆದರೂ ಒಂದು ಬೆಳಿಗ್ಗೆ, ನನಗಿನ್ನೂ ಅಮಲು ಇಳಿಯುವ ಮುಂಚೆ,
ಅಣ್ಣ ಬೆಳ್ಯಪ್ಪ ಗೋಡೆಯಿಂದ ಅದನ್ನು ಇಳಿಸಿ
ಕಂಬಳಿ ಸುತ್ತಿ ಒಯ್ದಿದ್ದ.
ಉಳಿದದ್ದು ಎರಡು ಮೊಳೆ,
ನಡುವೆ ಸುಣ್ಣದ ಹಳೆಯ ಬಣ್ಣದ ಉದ್ದ ಗೆರೆ.
ಮಡಿಕೇರಿಯ ವಾರ್ಡಿನಿಂದ ಬಂದ ಮೇಲೆ
ಆ ಗೆರೆಯ ಕೆಳಗೇ ಹಾಸಿಗೆ ಹಾಕಿಕೊಂಡೆ.

ಒಂದು ಕೈಲ್ ಪೊಳ್ದ್ ಹೋಯಿತು.
ಅಣ್ಣನ ಮನೆಯ ಕೋವಿಗಳ ಸಾಲಿನಲ್ಲಿ ನನ್ನದೂ ಇತ್ತು,
ಗಂಧ ಹಚ್ಚಿಸಿಕೊಂಡು, ಯಾರದೋ ಎಂಬಂತೆ.
ಎರಡನೆಯದಕ್ಕೂ ಹಾಗೇ.
ಗ್ಲಾಸು ಹಿಡಿದವರ ನಡುವೆ ಎಳನೀರು ಹಿಡಿದು ನಿಂತೆ,
ಕೇಳಲಿಲ್ಲ.
ಮೂರನೆಯ ವರ್ಷ ಅವನೇ ಬಂದ, ಕಂಬಳಿಯ ಸಮೇತ.
ಮೊಳೆಗೆ ಏರಿಸಿ, ನಳಿಗೆಗೆ ತೋಕ್ ಪೂ ಸಿಕ್ಕಿಸಿ,
"ಕಡುಂಬುಟ್ಟು ಆರ್ತದೆ, ಬಾ ಬೋಜಿ" ಎಂದ.
ಅಷ್ಟೇ.

ಮೇಲಿನಿಂದ ಕಾಗದ ಇನ್ನೂ ಬಂದಿಲ್ಲ.
ಪರಿಶೀಲನೆಯಲ್ಲಿದೆ, ಎನ್ನುತ್ತಾರೆ ಫೋನಿನಲ್ಲಿ,
ದಿನಕ್ಕೊಂದು ದನಿ.

ಅವತ್ತು ಹೊರಡುವಾಗ ಲೋಕಪ್ಪ
ಬೂಟು ಹಾಕಿಕೊಳ್ಳುತ್ತಾ ಗೋಡೆ ನೋಡಿ ಕೇಳಿದ್ದರು:
ಮದ್ದು ತುಂಬಿಟ್ಟಿದ್ದೀರಾ?
ಇಲ್ಲ ಎಂದೆ.
ಅವರ ಪ್ರಶ್ನೆಗಳಿಗೆಲ್ಲ ನಾನು
ಇಲ್ಲ ಎಂದದ್ದು ಅದೊಂದಕ್ಕೇ.