ಗಂಜಿನ ಕಾಟಾ

ಕಲಬುರ್ಗಿ ಗಂಜಿನಾಗ ಇಪ್ಪತ್ತೆರಡು ವರ್ಷ
ಕಾಟಾದ ಮುಂದ ಕುಂತು ಒದರೀನಿ:
ಐವತ್ತರ ಮ್ಯಾಲ ಇನ್ನೂರು ಗ್ರಾಮ್, ಬರ್ಕೋ!
ತೊಗರಿ ಸುಳ್ಳು ಹೇಳಂಗಿಲ್ಲ.

ಮಗಳು ಹೇಳ್ತಿದ್ದಳು, ಸಾಲ್ಯಾಗ ಉಂಡು ಬಂದೀನಿ ಅಂತ.
ಒಂದಿನ ಪಾಟೀಚೀಲದಾಗ ಸಿಕ್ಕವು
ಹಾಳ್ಯಾಗ ಸುತ್ತಿದ ರೊಟ್ಟಿ,
ನಾಲ್ಕು ದಿನದ್ದು, ಬೂಸರು ಹಿಡಿದು.

ಮೊದಲು ಬೈದೆ. ಆಮ್ಯಾಲ ಕೈ ಮುಗಿದೆ.
ನಮ್ಮಕ್ಕ ಬಂದು ದೃಷ್ಟಿ ತೆಗೆದಳು,
ಮೆಣಸಿನಕಾಯಿ ಘಾಟು ನನಗೇ ಹತ್ತಿತು.

ಡಾಕ್ಟರಬಾಯಿ ತ್ರಿವೇಣಿನ್ನ
ಅಂಕಿಗೆ ಬೆನ್ನು ಮಾಡಿಸಿ ಕಾಟಾದ ಮ್ಯಾಲ ನಿಲ್ಲಿಸಿದರು.
ನನಗ ಮಾತ್ರ ಕಾಣಿಸ್ತಿತ್ತು.
'ಇದು ಹಟ ಅಲ್ಲ, ಬ್ಯಾನಿ.
ತಪ್ಪು ನಿಮ್ಮದೂ ಅಲ್ಲ, ಆಕೀದೂ ಅಲ್ಲ.
ಅಂಕಿ ಬಾಯಿಬಿಡಬ್ಯಾಡ್ರಿ.
ತಾಟು ಹಚ್ಚಿ ಜೋಡಿ ಕೂಡ್ರಿ.'

ಒದರೂದೊಂದೇ ಕಲಿತ ಬಾಯಿ ಇದು.
ದವಡಿ ಬಿಗಿಹಿಡಿದು ಹೊರಗ ಬಂದೆ.

ಈಗ ರಾತ್ರಿ ಎಂಟಕ್ಕ
ಅರ್ಧ ಖಡಕ್ ರೊಟ್ಟಿ, ಒಂದು ಸೌಟು ಪುಂಡಿಪಲ್ಯ,
ಮುಕ್ಕಾಲು ತಾಸು.
ಆಕಿ ತಾಟು ನಾ ನೋಡಂಗಿಲ್ಲ.
ಹಮಾಲ ಲಾಳೇಸಾಬನ ಆಡು
ರಸೀದಿ ಬುಕ್ಕು ತಿಂದ ಕತಿ ಹೇಳ್ತೀನಿ.
ನಿನ್ನೆ ಎದ್ದು ಹೋದಳು, ಬಾಗಿಲ ಬಡಿದು.

ಇವತ್ತು
ಲಟ್ ಅಂತ ರೊಟ್ಟಿ ಮುರಿದ ಸಪ್ಪಳ.
ತಲಿ ಎತ್ತಲಿಲ್ಲ ನಾ.
ಆಡಿನ ಕತಿ
ಮತ್ತ ಮೊದಲಿಂದ ಹಿಡಿದೆ.